ಕೊಯ್ಲು ಮುಗಿದ ಅಣಬೆ ಚೀಲದಲ್ಲಿ ಏನಿದೆ?

ಮೂರನೆಯ ಕೊಯ್ಲು ಮುಗಿದ ಚಿಪ್ಪು ಅಣಬೆಯ ಚೀಲವೊಂದನ್ನು ಸೀಳಿ ನೋಡಿ. ಒಳಗಿನ ಭತ್ತದ ಹುಲ್ಲು ಬಿಳಿ ಬೂಸಿನಲ್ಲಿ ಬೆಸೆದುಕೊಂಡು ಬೆಂಡಿನಂತೆ ಹಗುರಾಗಿರುತ್ತದೆ. ಹಿಚುಕಿದರೆ ಪುಡಿಪುಡಿ. ಚೀಲ ತುಂಬುವಾಗ ಇದೇ ಹುಲ್ಲು ಎಳೆದರೂ ಹರಿಯದಷ್ಟು ನಾರಾಗಿತ್ತು.

ಆ ಗಡಸುತನಕ್ಕೆ ಒಂದು ಕಾರಣ ಸಸ್ಯದ ನಾರನ್ನು ಬಿಗಿದಿಡುವ ಲಿಗ್ನಿನ್. ಅದನ್ನು ಅರಗಿಸಿಕೊಳ್ಳುವುದು ಹೆಚ್ಚಿನ ಸೂಕ್ಷ್ಮಾಣುಗಳ ಕೈಲಾಗದು. ಚಿಪ್ಪು ಅಣಬೆ ಮಾತ್ರ ಲಾಕೇಸ್‌ನಂಥ ಕಿಣ್ವಗಳನ್ನು ಸುರಿಸಿ ಅದನ್ನು ಬಿಡಿಸುತ್ತಾ ಹೋಗುತ್ತದೆ. ಹುಲ್ಲಿನ ಇಂಗಾಲದಲ್ಲಿ ಒಂದಷ್ಟು ಗಾಳಿಗೆ ಸೇರುವುದರಿಂದ ಉಳಿದದ್ದರಲ್ಲಿ ಸಾರಜನಕದ ಪಾಲು ಏರುತ್ತದೆ. ತಿಪ್ಪೆ ಮಾಡಬೇಕಾದ ಕೆಲಸದಲ್ಲಿ ಅರ್ಧ ಶೆಡ್ಡಿನಲ್ಲೇ ಮುಗಿದಿರುತ್ತದೆ. ಎರೆಹುಳುಗಳಿಗಂತೂ ಇದು ಹದವಾಗಿ ಬೆಂದ ಊಟ. 1 ಕಿಲೋ ಅಣಬೆಗೆ ಸುಮಾರು 5 ಕಿಲೋ ಹಸಿ ತ್ಯಾಜ್ಯ ಎನ್ನುವುದು ರೂಢಿಯ ಲೆಕ್ಕ. ಎಸೆಯುವುದಕ್ಕೆ ಇದೇನು ಸಣ್ಣ ರಾಶಿಯಲ್ಲ.

ಹುಲ್ಲಿನಲ್ಲಿರುವ ಆ ಬಿಳಿ ಬೂಸು ಇನ್ನೂ ಸತ್ತಿರುವುದಿಲ್ಲ ಎನ್ನುವುದು ನನಗೆ ಹೆಚ್ಚು ಕುತೂಹಲದ ಸಂಗತಿ. ಅದರ ಸಹಜ ನೆಲೆಯಾದ ಮರದ ದಿಮ್ಮಿಯಲ್ಲಿ ಸಾರಜನಕ ಕಡಿಮೆ. ಹಾಗಾಗಿ ಕಾಡಿನಲ್ಲಿ ಚಿಪ್ಪು ಅಣಬೆ ಬೇಟೆಗೂ ಇಳಿಯುತ್ತದೆ! ಅದರ ಎಳೆಗಳ ಮೇಲೆ ಕಡ್ಡಿಮಿಠಾಯಿಯಂಥ ಸೂಕ್ಷ್ಮ ಗುಳ್ಳೆಗಳಿವೆ. ದಾರದಂಥ ಜಂತು ತಾಗಿ ಅವು ಒಡೆದರೆ 3-ಆಕ್ಟನೋನ್ ಎಂಬ ಆವಿ ಹೊಮ್ಮುತ್ತದೆ. ಜಂತು ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತದೆ. ಆಮೇಲೆ ಎಳೆಗಳು ಒಳನುಗ್ಗಿ ಅದನ್ನು ಹೀರುತ್ತವೆ. ತೈವಾನಿನ ವಿಜ್ಞಾನಿಗಳು ಈ ಆವಿಯ ಗುಟ್ಟನ್ನು ಪ್ರಕಟಿಸಿದ್ದು 2023ರಲ್ಲಿ. ಟೊಮೆಟೊ ಬೇರಿಗೆ ಗಂಟು ಕಟ್ಟುವ ಜಂತುವಿನ ಮೇಲೆ ಹಳೆಯ ಅಣಬೆ ಹುಲ್ಲನ್ನು ಪ್ರಯೋಗಿಸುವುದರ ಹಿಂದೆ, ಅದರಲ್ಲಿ ಉಳಿದ ಬೂಸು ಅಲ್ಲೂ ಬೇಟೆಯಾಡೀತು ಎಂಬ ಆಸೆಯೂ ಇದೆ.

ಬಟನ್ ಅಣಬೆಯ ಕಥೆ ಬೇರೆ. ಹಿಮಾಚಲ ಪ್ರದೇಶದ ಸೋಲನ್ ಕಡೆ ಬೆಳೆಯುವ ಈ ಅಣಬೆಗೆ ಗೋಧಿ ಹುಲ್ಲು, ಕೋಳಿ ಗೊಬ್ಬರ, ಜಿಪ್ಸಂ ಸೇರಿಸಿ ಕಾಂಪೋಸ್ಟ್ ಮಾಡುತ್ತಾರೆ. ಬೆಳೆ ಮುಗಿದ ಮೇಲೆ ಅದರಲ್ಲಿ ಉಪ್ಪಿನಂಶ ಜಾಸ್ತಿ. ಹಸಿಯಾಗಿಯೇ ಸಸಿಮಡಿಗೆ ಹಾಕಿದರೆ ಎಳೆ ಬೇರು ಸುಡುತ್ತದೆ. ತಿಂಗಳುಗಟ್ಟಲೆ ರಾಶಿ ಹಾಕಿ ಮಾಗಿಸಬೇಕು. ತೊಳೆದು ಬರುವ ಕಂದು ನೀರು ಬಾವಿ, ಹಳ್ಳದ ಕಡೆ ಹರಿಯದಂತೆ ನೋಡಿಕೊಳ್ಳಬೇಕು.

ಚಿಪ್ಪು ಅಣಬೆಯ ಚೀಲವಾದರೆ ಪ್ಲಾಸ್ಟಿಕ್ಕನ್ನು ಚೂರೂ ಬಿಡದೆ ಬಿಡಿಸಿ, ಹುಲ್ಲನ್ನು ಸಗಣಿ ಜೊತೆ ಕೊಳೆಹಾಕಬಹುದು. ರಾಶಿಯ ಮೇಲೆ ಮಳೆ ಬಿದ್ದರೆ ಕೆಲವೊಮ್ಮೆ ಇನ್ನೆರಡು ಅಣಬೆ ಬಿಟ್ಟಿಯಾಗಿ ಏಳುತ್ತವೆ. ಹಸಿರು ಬೂಸೂ ಬರಬಹುದು: ಬೆಳೆ ರೋಗದ ತಡೆಗೆ ರೈತರು ಅಂಗಡಿಯಿಂದ ಕೊಂಡು ತರುವ ಟ್ರೈಕೊಡರ್ಮಾದ ಬಳಗ. ಹೊಲದಲ್ಲಿ ನಂಟ, ಅಣಬೆ ಮನೆಯಲ್ಲಿ ಕಳ್ಳ. ರಾಶಿಯನ್ನು ಶೆಡ್ಡಿನಿಂದ ದೂರವೇ ಹಾಕಿ.