ಗೋಳಗುಮ್ಮಟದ ಪಕ್ಕದ ಸೈಟಿಗೆ ಬೆಲೆ ಎಷ್ಟು?

ವಿಜಯಪುರದಲ್ಲಿ, ಗೋಳಗುಮ್ಮಟದ ಪಕ್ಕದಲ್ಲೇ ಸೈಟ್ ಇದ್ರೆ
ಬೆಲೆ ಏರುತ್ತಾ, ಇಳಿಯುತ್ತಾ?
ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ನೋಡಿ.
ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್, ಹೊಸ ಕಟ್ಟಡ ನಿಷಿದ್ಧ.
ಅದರಾಚೆ 200 ಮೀಟರ್, ಅನುಮತಿ ಬೇಕು.
ಮೊದಲ 100 ಮೀಟರ್ ಒಳಗೆ ಹಳೇ ಮನೆ ಸೋರಿದ್ರೆ ರಿಪೇರಿ ಮಾಡಬಹುದು, ಅದಕ್ಕೂ ಅರ್ಜಿ ಹಾಕ್ಬೇಕು.
ಮಗನಿಗೆ ಅಂತ ಮೇಲೊಂದು ಮಹಡಿ? ಆಗಲ್ಲ.
ಕೈ ಕಟ್ಟಿದ ಪೈಲ್ವಾನ ಇದ್ದಂಗೆ ಈ ಸೈಟು:
ಮೈಕಟ್ಟು ಇದೆ, ಪಟ್ಟು ಹಾಕೋಕಾಗಲ್ಲ.

ಪ್ರವಾಸಿಗರಿಂದ ಲಾಭ ಇಲ್ವಾ ಅಂತೀರಾ?
ಇದೆ. ಆದ್ರೆ ಹೊಸ ಹೋಟೆಲ್ ಏಳೋದು ದೂರದಲ್ಲಿ.
ಲಾಭ ಊರಿಗೆಲ್ಲ, ನಷ್ಟ ಈ ನಾಲ್ಕು ಮನೆಗೆ.
ಹಾಗಂತ ನಿಯಮ ತೆಗೀಬೇಕಾ? ಬೇಡ.
ಗುಮ್ಮಟಾನೇ ಮರೆಯಾದ್ರೆ ಆ ಲಾಭಾನೂ ಇಲ್ಲ.
ಮುಂಬೈನಲ್ಲಿ ಪಾರಂಪರಿಕ ಕಟ್ಟಡದವರು
ಕಳಕೊಂಡ ಕಟ್ಟೋ ಹಕ್ಕನ್ನ ಟಿಡಿಆರ್ ಆಗಿ, ಅಂದ್ರೆ ಬೇರೆ ಕಡೆ ಬಳಸೋ ಹಕ್ಕಾಗಿ, ಮಾರೋಕೆ ಅವಕಾಶ ಇದೆ.
ಸ್ಮಾರಕದ ನೆರೆಯವರಿಗೂ ಅಂಥದ್ದು ಸಿಗಬೇಕು.

ಸೈಟ್ ಕೊಳ್ಳೋ ಮುಂಚೆ ಅಳತೆ ಹಾಕ್ಸಿ,
ಗುಮ್ಮಟದ ಗೋಡೆಯಿಂದಲ್ಲ, ಸಂರಕ್ಷಿತ ಗಡಿಯಿಂದ.