ಕೈ ಹೋದರೂ ಸ್ನಾಯು ಉಳಿದಿರುತ್ತದೆ

ತೊಗರಿ ರಾಶಿಯ ದಿನಗಳಲ್ಲಿ ಯಂತ್ರದ ಬಾಯಿಗೆ ಕಟ್ಟು ತಳ್ಳುವಾಗ, ಮೇವು ಕತ್ತರಿಸುವಾಗ, ಪಂಪ್‌ಸೆಟ್ಟಿನ ತಂತಿ ಮುಟ್ಟಿದಾಗ, ಗುಳೆ ಹೋದ ಊರಿನ ಕಟ್ಟಡ ಕೆಲಸದಲ್ಲಿ ಕಾಲು ಜಾರಿದಾಗ, ಹೀಗೆ ದುಡಿಯುವ ಜನ ಕೈ ಕಳೆದುಕೊಳ್ಳುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಇಂಥ ಅಪಾಯಗಳೆಲ್ಲ ದಿನದ ಕೆಲಸದಲ್ಲೇ ಇವೆ. ಗಾಯ ಮಾಯುವ ಹೊತ್ತಿಗೆ ಮನೆಯ ಹುಡುಗರು ಮೊಬೈಲಿನಲ್ಲಿ ಬೆರಳು ಮಡಚುವ ಯಂತ್ರದ ಕೈಯ ವಿಡಿಯೊ ತೋರಿಸುತ್ತಾರೆ. ಅದು ಮನಸ್ಸಿನ ಮಾತು ಕೇಳುತ್ತದೆ ಎಂದು ವಿಡಿಯೊದಲ್ಲಿ ಹೇಳುತ್ತಾರೆ. ಆದರೆ ಅದು ಕೇಳುವುದು ಸ್ನಾಯುವಿನ ಮಾತನ್ನು. ಸಾಮಾನ್ಯವಾಗಿ ಸಿಗುವ ಇಂಥ ಕೈಯ ತಂತಿ ಮಿದುಳಿಗೂ ಹೋಗುವುದಿಲ್ಲ, ಚರ್ಮದೊಳಕ್ಕೂ ಇಳಿಯುವುದಿಲ್ಲ.

ಎಡ ಅಂಗೈಯನ್ನು ಬಲ ಮುಂಗೈಯ ಮೇಲೆ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಇಟ್ಟು ಮುಷ್ಟಿ ಬಿಗಿದು ನೋಡಿ. ಒಳಬದಿಯ ಮಾಂಸಖಂಡ ಉಬ್ಬುತ್ತದೆ. ಈಗ ಬೆರಳು ಬಿಡಿಸಿ ಮಣಿಕಟ್ಟನ್ನು ಹಿಂದಕ್ಕೆ ಎತ್ತಿದರೆ ಹೊರಬದಿಯದು ಗಟ್ಟಿಯಾಗುತ್ತದೆ. ಬೆರಳನ್ನು ಬಲವಾಗಿ ಮಡಚುವ, ಬಿಡಿಸುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜುಗಳು ಸೂತ್ರದ ಗೊಂಬೆಯ ದಾರದಂತೆ ಬೆರಳ ತುದಿಯ ತನಕ ಹೋಗಿವೆ. ಮುಂಗೈ ಮಧ್ಯದಲ್ಲಿ ಕತ್ತರಿಸಿದರೆ ದಾರ ತುಂಡಾಗುತ್ತದೆ, ಎಳೆಯುವ ಸ್ನಾಯುವಿನ ಬಹುಪಾಲು ಮತ್ತು ಅದಕ್ಕೆ ಬರುವ ನರ ಉಳಿಯುತ್ತವೆ. ಇಲ್ಲದ ಕೈಯನ್ನು ಮುಚ್ಚಬೇಕೆಂದುಕೊಂಡರೆ ಆ ಸ್ನಾಯು ಈಗಲೂ ಬಿಗಿಯುತ್ತದೆ. ಬಿಗಿಯುವಾಗ ಸಣ್ಣ ವಿದ್ಯುತ್ ಹುಟ್ಟುತ್ತದೆ. ಜರ್ಮನಿಯ ರೈನ್‌ಹೋಲ್ಡ್ ರೈಟರ್ 1940ರ ದಶಕದಲ್ಲಿ ಈ ವಿದ್ಯುತ್ತಿನಿಂದಲೇ ಕೃತಕ ಕೈ ಆಡಿಸಿ ತೋರಿಸಿದ್ದರು. ಇಂದಿನ ದುಬಾರಿ ಕೈಗಳೂ ಅದೇ ಬುಡದ ಮೇಲೆ ನಿಂತಿವೆ.

ಚರ್ಮದ ಮೇಲೆ ಸಿಗುವ ಆ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಉಳಿದ ಮುಂಗೈಯನ್ನು ಹಿಡಿದುಕೊಳ್ಳುವ ಗಟ್ಟಿ ಕವಚಕ್ಕೆ ಸಾಕೆಟ್ ಎನ್ನುತ್ತಾರೆ. ಅದರ ಒಳಗೋಡೆಯಲ್ಲಿ ಎರಡೆರಡು ಲೋಹದ ಬಿಲ್ಲೆಗಳನ್ನು ಸ್ನಾಯುವಿನ ನೇರಕ್ಕೆ ಕೂರಿಸುತ್ತಾರೆ, ಹೋಲಿಕೆಗೆ ಮತ್ತೊಂದನ್ನು ಇಡುತ್ತಾರೆ. ಇಲ್ಲಿ ಒಂದು ತೊಡಕಿದೆ. ಸ್ನಾಯುವಿನ ಸಂಕೇತ ಸೆಕೆಂಡಿಗೆ ಸುಮಾರು 20ರಿಂದ 500 ಸಲ ಮಿಡಿಯುತ್ತದೆ, ಅದರ ಹೆಚ್ಚಿನ ಬಲ 50ರಿಂದ 150ರ ನಡುವೆ. ನಮ್ಮ ಮನೆಗೆ, ಪಂಪ್‌ಸೆಟ್ಟಿಗೆ ಬರುವ ಕರೆಂಟು ಮಿಡಿಯುವುದೂ 50 ಸಲ. ಗೋಡೆಯ ತಂತಿಯಿಂದ ಮೈಗೆ ಹತ್ತುವ ಆ ಗುಂಯ್‌ಗುಡುವಿಕೆ ಸ್ನಾಯುವಿನ ದನಿಗಿಂತ ದೊಡ್ಡದಾಗಿರಬಹುದು. ಆದ್ದರಿಂದ ವರ್ಧಕವು ಎರಡು ಬಿಲ್ಲೆಗಳ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿಸುತ್ತದೆ. ಎರಡಕ್ಕೂ ಸಮನಾಗಿ ಬಂದ ಗದ್ದಲ ಕಳೆದುಹೋಗುತ್ತದೆ. ಒಂದು ಬಿಲ್ಲೆ ಚರ್ಮ ಬಿಟ್ಟರೆ ಈ ಲೆಕ್ಕ ಕೆಡುತ್ತದೆ. ಪಂಪ್‌ಸೆಟ್ಟಿನ ಮೋಟರಿನ ಬಳಿ ನಿಂತಾಗ ಕೈ ತಾನಾಗಿ ತೆರೆದುಕೊಂಡರೆ ಕೈಯ ಯಂತ್ರ ಬಿಚ್ಚುವ ಮೊದಲು ಸಾಕೆಟ್ ಸಡಿಲವಾಗಿದೆಯೇ ನೋಡಬೇಕು.

ಮೇಲೆ ಕೆಳಗೆ ಕುಣಿಯುವ ಸಂಕೇತವನ್ನು ಒಂದೇ ಬದಿಗೆ ತಿರುಗಿಸಿ, ನುಣುಪು ಮಾಡಿದರೆ ಸ್ನಾಯು ಎಷ್ಟು ಬಿಗಿದಿದೆ ಎಂಬ ಒಂದು ಅಂಕಿ ಸಿಗುತ್ತದೆ. ಅದು ಗೊತ್ತುಪಡಿಸಿದ ಮಟ್ಟ ದಾಟಿದರೆ ಮೋಟರು ತಿರುಗುತ್ತದೆ. ಒಳಬದಿ ಬಿಗಿದರೆ ಮುಚ್ಚುವುದು, ಹೊರಬದಿ ಬಿಗಿದರೆ ತೆರೆಯುವುದು, ಹೆಚ್ಚು ಬಿಗಿದರೆ ಬೇಗ. ಎರಡನ್ನೂ ಒಟ್ಟಿಗೆ ಬಿಗಿದರೆ ಮುಷ್ಟಿಯಿಂದ ಚಿಮಟಿ ಹಿಡಿತಕ್ಕೆ ಬದಲಾಗುವಂತೆ ಹೊಂದಿಸಬಹುದು. ಬಿಗಿಯುವುದಕ್ಕೂ ಬೆರಳು ಆಡುವುದಕ್ಕೂ ನಡುವೆ ಸೆಕೆಂಡಿನ ಮೂರನೇ ಒಂದು ಪಾಲು ತಡವಾದರೂ ಆ ಕೈ ಹಿಡಿಸುವುದಿಲ್ಲ. ಇನ್ನೊಂದು ಬಗೆಯಲ್ಲಿ ಮುಂಗೈ ಸುತ್ತ ಆರೆಂಟು ಬಿಲ್ಲೆ ಇಟ್ಟು, ಪ್ರತಿ ಹಿಡಿತಕ್ಕೆ ಯಾವ ಯಾವ ಸ್ನಾಯು ಎಷ್ಟೆಷ್ಟು ಬಿಗಿಯುತ್ತದೆಂದು ಸಣ್ಣ ಗಣಕಕ್ಕೆ ಕಲಿಸುತ್ತಾರೆ. ಕೇಳಲು ಚೆಂದ. ಆದರೆ ಮೇಜಿನ ಮುಂದೆ ಕೂತು ಕಲಿಸಿದ್ದು ಕೈ ಮೇಲೆತ್ತಿದಾಗ ತಪ್ಪುತ್ತದೆ, ಸಾಕೆಟ್ ಒಂದು ಸೆಂಟಿಮೀಟರ್ ಸರಿದರೂ ತಪ್ಪುತ್ತದೆ. ಅದಕ್ಕೇ ಹಳೆಯ ಎರಡು ಸ್ನಾಯುವಿನ ಪದ್ಧತಿ ಇನ್ನೂ ಬಳಕೆಯಲ್ಲಿದೆ. ಹೊಲಕ್ಕೆ ಹೋಗುವವರು ಮೋಟರಿನ ಕೈ ಕೊಳ್ಳುವುದಾದರೆ ಅದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಬಿಸಿಲನ್ನು ಮರೆತು ಈ ಮಾತು ಆಡುವಂತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಒಣ ಚರ್ಮದಲ್ಲಿ ಸಂಕೇತ ಸರಿಯಾಗಿ ಸಿಗುವುದಿಲ್ಲ, ತುಸು ಬೆವರಿದರೆ ಚೆನ್ನಾಗಿ ಸಿಗುತ್ತದೆ. ಬೆವರು ಹರಿಯತೊಡಗಿದರೆ ಎರಡು ಬಿಲ್ಲೆಗಳ ನಡುವೆ ಅದೇ ದಾರಿಯಾಗಿ ವ್ಯತ್ಯಾಸ ಅಳಿಸಿಹೋಗುತ್ತದೆ, ಸಾಕೆಟ್ಟೂ ಜಾರುತ್ತದೆ. ಇದಕ್ಕೆ ಬೇರೆ ದಾರಿ ಹುಡುಕಿದವರಿದ್ದಾರೆ. ಸ್ನಾಯು ಬಿಗಿಯುವಾಗ ಸಣ್ಣಗೆ ನಡುಗುತ್ತದೆ. ವಿದ್ಯುತ್ತಿನ ಬದಲು ಆ ನಡುಕವನ್ನು ಹಿಡಿಯುವ ಸಂವೇದಕಕ್ಕೆ ಬೆವರಿನ ಕಾಟ ಕಡಿಮೆ. ಮುಂಬೈನ ರೋಬೋ ಬಯೋನಿಕ್ಸ್ ತಯಾರಿಸುವ ಗ್ರಿಪಿ ಕೈ ಈ ದಾರಿ ಹಿಡಿದಿದೆ. ಬಟ್ಟೆಯ ಮೇಲಿಂದಲೂ ಅದು ಕೆಲಸ ಮಾಡುತ್ತದೆ. ಓಲಾಟ ಅಳೆಯುವ, ಮೊಬೈಲಿನಲ್ಲೂ ಇರುವ ಚಿಪ್ಪನ್ನು ಪಾದಕ್ಕೆ ಕಟ್ಟಿ, ಪಾದ ವಾಲಿಸಿ ತೋಳನ್ನು ನಡೆಸುವ ಏರ್ಪಾಡು ಅಮೆರಿಕದ ಲ್ಯೂಕ್ ತೋಳಿನಲ್ಲಿದೆ. ಮೊಣಕೈ ಮೇಲೆ ಕಳೆದುಕೊಂಡು, ಸಂಕೇತ ಕೊಡುವ ಸ್ನಾಯು ಕಡಿಮೆ ಇರುವವರಿಗೆ ಇಂಥದ್ದು ಬೇಕಾಗುತ್ತದೆ.

ಕೈ ಕೊಳ್ಳುವ ಮುಂಚೆ ಅದರಿಂದ ಆಗಬೇಕಾದ ಕೆಲಸ ಬರೆದುಕೊಳ್ಳಿ. ಗ್ಲಾಸು ಹಿಡಿಯುವುದು, ಚೀಲ ಎತ್ತುವುದು, ಬೈಕಿನ ಹಿಂದೆ ಕೂತಾಗ ಆಸರೆ ಹಿಡಿಯುವುದು, ಬಿಡಿಸಿದ ಹತ್ತಿಯ ಉಡಿ ಹಿಡಿದುಕೊಳ್ಳುವುದು ಆಗುತ್ತವೆ. ಜೋಳದ ರೊಟ್ಟಿ ಬಡಿಯಲು ಬಿಸಿನೀರು, ಹಸಿ ಹಿಟ್ಟು, ಅಂಗೈಯ ಸ್ಪರ್ಶ ಮೂರೂ ಬೇಕು. ಮೋಟರಿನ ಕೈಗೆ ಅದು ಸಲ್ಲದು. ಇಂಥ ಬಹುತೇಕ ಕೈಗಳಿಗೆ ಸ್ಪರ್ಶವಿಲ್ಲ, ಕಣ್ಣಿಟ್ಟು ನೋಡುತ್ತಲೇ ಹಿಡಿಯಬೇಕು. ಭುಜದ ಪಟ್ಟಿಯಿಂದ ತಂತಿ ಎಳೆದು ತೆರೆಯುವ ಕೊಕ್ಕೆಯ ಕೈಯಲ್ಲಿ ತಂತಿಯ ಬಿಗಿತವೇ ಹಿಡಿತದ ಅಂದಾಜು ಕೊಡುತ್ತದೆ, ಬ್ಯಾಟರಿ ಬೇಡ, ದೂಳಿಗೆ ಅಂಜಬೇಕಿಲ್ಲ. ಹೊಲಕ್ಕೆ ಕೊಕ್ಕೆ, ಪೇಟೆಗೆ ಮೋಟರಿನ ಕೈ ಎಂದು ಎರಡನ್ನೂ ಇಟ್ಟುಕೊಂಡವರು ಬುದ್ಧಿವಂತರು.

ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಕಾಲದ ಬಗ್ಗೆ. ಹಣ ಹೊಂದಿಸಿದ ಮೇಲೆ ನೋಡೋಣ ಎಂದು ವರ್ಷಗಟ್ಟಲೆ ಕೂತರೆ ಸ್ನಾಯು ಸೊರಗುತ್ತದೆ, ಒಂದೇ ಕೈಯಲ್ಲಿ ಎಲ್ಲ ಮಾಡುವ ರೂಢಿ ಗಟ್ಟಿಯಾಗುತ್ತದೆ. ಗಾಯ ಮಾಯುತ್ತಲೇ ವೈದ್ಯರ ಸಲಹೆಯಂತೆ ಬಿಗಿ ಪಟ್ಟಿ ಸುತ್ತಬೇಕು, ದಿನಾ ಹಲವು ಸಲ ಇಲ್ಲದ ಕೈಯನ್ನು ಮುಚ್ಚಿ ತೆರೆಯುವ ಅಭ್ಯಾಸ ಮಾಡಬೇಕು. ಇದಕ್ಕೆ ಕಾಸು ಬೇಡ. ಆಮೇಲೆ ಕೃತಕ ಅಂಗ ಕೇಂದ್ರದಲ್ಲಿ ಮೊದಲು ಸಂಕೇತದ ಪರೀಕ್ಷೆ ಕೇಳಿ. ಚರ್ಮಕ್ಕೆ ಎಲೆಕ್ಟ್ರೋಡ್ ಬಿಲ್ಲೆಗಳನ್ನು ಅಂಟಿಸಿದಾಗ ಪರದೆಯ ಮೇಲೆ ಎರಡು ಗೆರೆ ಬರುತ್ತವೆ. ಒಂದನ್ನು ಏರಿಸುವಾಗ ಇನ್ನೊಂದನ್ನು ಇಳಿಸಿಡಲು ಬಂದರೆ ಈ ಕೈ ನಿಮಗೆ ಒಗ್ಗುವ ಸಾಧ್ಯತೆ ಹೆಚ್ಚು. ಕರೆಂಟಿನಿಂದ ಸುಟ್ಟ ಮುಂಗೈಯಲ್ಲಿ ನರಕ್ಕೆ ಪೆಟ್ಟಾಗಿ ಸಂಕೇತ ಕ್ಷೀಣವಿರಬಹುದು, ಅಂಥವರಂತೂ ಪರೀಕ್ಷೆಯಿಲ್ಲದೆ ಮುಂಗಡ ಕೊಡಬಾರದು.

ಬೆಂಗಳೂರಿನಲ್ಲಿ 1994ರಿಂದ ಇರುವ ಮೊಬಿಲಿಟಿ ಇಂಡಿಯಾ ಕೃತಕ ಅಂಗಗಳ ಸೇವೆ ಕೊಡುತ್ತದೆ. ಯಾದಗಿರಿಯವರಿಗೆ ಹೈದರಾಬಾದ್ ಇನ್ನೂ ಹತ್ತಿರ, ಕಲ್‌ಆರ್ಮ್ ಎಂಬ ಕೈ ತಯಾರಿಸಿದ ಮೇಕರ್ಸ್ ಹೈವ್ ಅಲ್ಲಿಯದು. ಇಂಥ ಕೈಗಳ ಬೆಲೆ ಲಕ್ಷಗಳಲ್ಲಿದೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಸಾಧನ ಪಡೆಯಲು ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ಯೋಜನೆಯ ಮಿತಿಯಲ್ಲಿ ಪೂರ್ತಿ ನೆರವು, 30,000ದ ತನಕ ಅರ್ಧ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನಿಂದ ಹಿಡಿದು ಅರ್ಜಿಯ ತನಕ ದಾರಿ ತೋರಿಸುತ್ತಾರೆ. ಸಾಧನ ಹಂಚುವ ಶಿಬಿರಗಳಲ್ಲಿ ಹೆಚ್ಚಾಗಿ ಸಿಗುವುದು ಸರಳ ಕೈ. ಅದನ್ನು ಬೇಡ ಎನ್ನಬೇಡಿ, ಭುಜ ಮತ್ತು ಮುಂಗೈಗೆ ಅಭ್ಯಾಸವಾಗುತ್ತದೆ.

ಮೋಟರಿನ ಕೈಗೇ ಮನಸ್ಸು ಮಾಡಿದ್ದರೆ ದುರಸ್ತಿ ಎಲ್ಲಿ, ಎಷ್ಟು ದಿನ, ಬ್ಯಾಟರಿ ಬದಲಿಸಲು ಎಷ್ಟು, ತರಬೇತಿಗೆ ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿ. ಮೊದಲ ವರ್ಷ ಉಳಿದ ಮುಂಗೈ ಇಳಿಯುತ್ತಾ ಹೋಗುವುದರಿಂದ ಸಾಕೆಟ್ ಬದಲಿಸಬೇಕಾಗುವುದು ಸಾಮಾನ್ಯ. ಎರಡನೆಯ ಸಾಕೆಟ್ಟಿನ ಖರ್ಚು ಹೇಳಿದ ದರದಲ್ಲೇ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.