ಅಂಕದಾಚೆಯ ಅಭ್ಯಾಸ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾಗುತ್ತಲೇ ಕಾಸರಗೋಡು ಸೀಮೆಯ ಶಾಲೆಗಳ ಗೇಟಿನ ಮುಂದೆ, ಪೇಟೆಯ ಜಂಕ್ಷನ್ನುಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. ಎಲ್ಲ ವಿಷಯಗಳಲ್ಲಿಯೂ ಎ ಪ್ಲಸ್ ಪಡೆದ ಮಕ್ಕಳ ಭಾವಚಿತ್ರಗಳು ಅವುಗಳಲ್ಲಿ ಸಾಲಾಗಿ ನಗುತ್ತಿರುತ್ತವೆ. ಆ ಮಕ್ಕಳ ಸಂತೋಷ ನ್ಯಾಯವಾದುದೇ. ಆದರೆ ಅದೇ ಗೇಟಿನಿಂದ ಹೊರಬರುವ ಮಕ್ಕಳಲ್ಲಿ ಹೆಚ್ಚಿನವರ ಮುಖ ಆ ಫಲಕದಲ್ಲಿಲ್ಲ. ನೂರಕ್ಕೆ 90 ಬಂದರೆ ಎ ಪ್ಲಸ್, 89 ಬಂದರೆ ಎ. ಆ ಒಂದು ಅಂಕದಿಂದ ಫಲಕದ ಹೊರಗುಳಿದವರು ಅವರಲ್ಲಿದ್ದಾರೆ. ಎಂಟನೆಯ ತರಗತಿಯಿಂದಲೂ ಗಣಿತವೆಂದರೆ ನಡುಗುತ್ತಿದ್ದು, ಈ ವರ್ಷ ಪ್ರತಿ ಸಂಜೆ ಕುಳಿತು ಬೀಜಗಣಿತವನ್ನು ಪಳಗಿಸಿಕೊಂಡು ಸಿ ಪ್ಲಸ್ ಪಡೆದವರೂ ಇದ್ದಾರೆ. ಈ ಎರಡನೆಯ ಮಗುವಿನ ಸಾಧನೆಯನ್ನು ಹೇಳುವ ಫಲಕ ಯಾವ ಜಂಕ್ಷನ್ನಿನಲ್ಲಿಯೂ ಏಳುವುದಿಲ್ಲ.

ಕನ್ನಡ ಮಾಧ್ಯಮದ ಮನೆಗಳಲ್ಲಿ ಫಲಿತಾಂಶದ ಮೇಲೆ ಇನ್ನೊಂದು ಭಾರವೂ ಬೀಳುತ್ತದೆ. ಮಗುವಿನ ಗ್ರೇಡು ಮಗುವಿನದಷ್ಟೇ ಆಗಿ ಉಳಿಯದೆ, ಕನ್ನಡ ಶಾಲೆಗೆ ಕಳುಹಿಸಿದ ತಂದೆತಾಯಿಯರ ತೀರ್ಮಾನಕ್ಕೆ ದೊರೆತ ತೀರ್ಪಾಗಿಬಿಡುತ್ತದೆ. ಒಳ್ಳೆಯ ಗ್ರೇಡು ಬಂದರೆ ಮನೆ ನೆಮ್ಮದಿಯ ಉಸಿರು ಬಿಡುತ್ತದೆ. ಕಡಿಮೆಯಾದರೆ, ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸಬೇಕಿತ್ತು ಎಂದು ನೆಂಟರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಹದಿನೈದು ವರ್ಷದ ಮಗು ತನ್ನ ಪರೀಕ್ಷೆಯ ಜೊತೆಗೆ ಮನೆಯವರ ಈ ವಾದವನ್ನೂ ಹೊತ್ತುಕೊಂಡು ಪರೀಕ್ಷಾ ಕೊಠಡಿಗೆ ಹೋಗುತ್ತದೆ.

ಫಲದ ಆಸೆಯನ್ನು ಬಿಟ್ಟು ಕರ್ಮವನ್ನು ಮಾಡಬೇಕೆಂಬ ಮಾತು ಈ ನಾಡಿಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವರ ಬಾಯಿಂದ ಅದನ್ನು ಕೇಳಿ ತಲೆದೂಗದವರಿಲ್ಲ. ಫಲಿತಾಂಶ ಬಂದ ಸಂಜೆ ಮನೆಯೊಳಗೆ ಅದನ್ನು ನಡೆಸಿಕೊಳ್ಳುವುದು ಮಾತ್ರ ಕಷ್ಟ. ಅದು ಹೇಗಿರುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಂಜೇಶ್ವರದವರೆಗೆ ಹೋದರೆ ಸಾಕು.

ಪದವಿಯಿಲ್ಲದ ವಿದ್ಯಾರ್ಥಿ

ಮಂಜೇಶ್ವರ ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಓದಿದ ಭಾಷೆಗಳಲ್ಲಿ ಕನ್ನಡವೂ ಒಂದು. ಇಂದು ಕಾಸರಗೋಡಿನ ಕನ್ನಡ ಶಾಲೆಗಳಿಗೆ ಬರುವ ಬಹಳ ಮಂದಿ ಮಕ್ಕಳ ಸ್ಥಿತಿಯೂ ಇದೇ: ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ, ಪುಸ್ತಕದಲ್ಲಿ ಕನ್ನಡ. ಈ ಮಕ್ಕಳಿಗೆ ಕನ್ನಡವು ತೊಟ್ಟಿಲಲ್ಲಿ ಬಂದ ಭಾಷೆಯಲ್ಲ, ದುಡಿದು ಸಂಪಾದಿಸಿಕೊಳ್ಳುವ ಭಾಷೆ. ಗೋವಿಂದ ಪೈಗಳೂ ಹಾಗೆಯೇ ಸಂಪಾದಿಸಿಕೊಂಡರು.

ಮಂಗಳೂರಿನ ಓದಿನ ಬಳಿಕ ಅವರು ಬಿ.ಎ. ತರಗತಿಗೆ ಮದರಾಸಿಗೆ ಹೋದರು. ಪರೀಕ್ಷೆಯ ಕಾಲದಲ್ಲಿಯೇ ತಂದೆಯವರ ಸಲುವಾಗಿ ಊರಿಗೆ ಮರಳಬೇಕಾಯಿತು. ತಂದೆ ತೀರಿಕೊಂಡರು, ಮನೆಯ ಹೊಣೆ ಹೆಗಲೇರಿತು. ಅವರು ಬರೆದಿದ್ದುದು ಇಂಗ್ಲಿಷ್ ಪರೀಕ್ಷೆಯನ್ನು ಮಾತ್ರ. ಅದಕ್ಕೆ ಚಿನ್ನದ ಪದಕ ದೊರೆಯಿತು, ಆದರೆ ಪದವಿ ದೊರೆಯಲಿಲ್ಲ. ಇಂದಿನ ಅಳತೆಗೋಲಿನಲ್ಲಿ ಅಳೆದರೆ ಅದು ಅಪೂರ್ಣ ಫಲಿತಾಂಶ, ಫ್ಲೆಕ್ಸಿನಲ್ಲಿ ಹಾಕುವಂಥದಲ್ಲ.

ಅವರ ಓದು ನಿಜವಾಗಿ ಬೆಳೆದದ್ದು ಆ ಬಳಿಕ. ಪರೀಕ್ಷೆ ನಡೆಸುವವರಿಲ್ಲ, ಅಂಕ ಹಾಕುವವರಿಲ್ಲ. ಆದರೂ ಮಂಜೇಶ್ವರದ ಮನೆಯಲ್ಲಿ ಕುಳಿತು ಅವರು ಒಂದರ ಮೇಲೊಂದು ಭಾಷೆಯನ್ನು ಕಲಿತರು. ಸಂಸ್ಕೃತ, ಪಾಳಿ, ಬಂಗಾಳಿಗಳ ಜೊತೆಗೆ ಗ್ರೀಕ್, ಲ್ಯಾಟಿನ್‌ಗಳವರೆಗೆ ಆ ಕಲಿಕೆ ಸಾಗಿತು. ತುಳುನಾಡಿನ ಚರಿತ್ರೆಯನ್ನು, ಹಳಗನ್ನಡ ಕವಿಗಳ ಕಾಲವನ್ನು ಶಾಸನಗಳ ಆಧಾರದಿಂದ ಶೋಧಿಸಿದರು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು.

1911ರಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟಳೆಯನ್ನು ಕೈಬಿಟ್ಟು ಕವಿತೆ ಬರೆಯತೊಡಗಿದರು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲವೆಂದು ಭಾವಿಸಿದವರು ಆಗ ಬಹಳವಿದ್ದರು. ಅವರ ಮೊದಲ ಕವನಸಂಕಲನ ‘ಗಿಳಿವಿಂಡು’ ಪುಸ್ತಕವಾಗಿ ಹೊರಬಂದದ್ದು 1930ರಲ್ಲಿ. ಕವಿಗೆ ಆಗ 47 ವರ್ಷ. ಪ್ರಾಸವನ್ನು ಬಿಟ್ಟ ದಿನಕ್ಕೂ ಪುಸ್ತಕ ಬಂದ ದಿನಕ್ಕೂ ನಡುವೆ 19 ವರ್ಷಗಳು. ಮದರಾಸು ಸರಕಾರದ ರಾಷ್ಟ್ರಕವಿ ಬಿರುದು ಬಂದದ್ದು 1949ರಲ್ಲಿ. ಮುಂಬಯಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ 1951ರಲ್ಲಿ. ಬಿರುದನ್ನು ಎದುರಿಗಿಟ್ಟುಕೊಂಡು ಇಷ್ಟು ದೀರ್ಘಕಾಲ ದುಡಿಯುವುದು ಯಾರಿಂದಲೂ ಆಗದು. ಕಲಿಯುವ ಕೆಲಸವೇ ದಿನದಿನವೂ ಅವರಿಗೆ ಉಣಿಸು ಕೊಟ್ಟಿರಬೇಕು. ಏಕಲವ್ಯನ ಕಥೆಯನ್ನು ‘ಹೆಬ್ಬೆರಳು’ ಎಂಬ ನಾಟಕವಾಗಿ ಬರೆದವರೂ ಇವರೇ. ಮಣ್ಣಿನ ಮೂರ್ತಿಯ ಮುಂದೆ, ನೋಡುವವರಿಲ್ಲದ ಕಾಡಿನಲ್ಲಿ ಬಿಲ್ಲು ಹಿಡಿದವನ ಕಥೆ ಅವರ ಮನಸ್ಸನ್ನು ಹಿಡಿದದ್ದು ಆಶ್ಚರ್ಯವಲ್ಲ.

ಜಾಣನೆಂಬ ಹೊಗಳಿಕೆಯ ಹೊರೆ

ಹಿರಿಯರ ಬಾಳು ಹಿರಿಯರಿಗಾಯಿತು, ಈ ಕಾಲದ ಮಕ್ಕಳಿಗೆ ಅದು ಹೊಂದುವುದೇ ಎಂದು ಕೇಳಬಹುದು. ಈ ಪ್ರಶ್ನೆಗೆ ಹತ್ತಿರದ ಒಂದು ಪ್ರಯೋಗವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ನಡೆಸಿ 1998ರಲ್ಲಿ ಪ್ರಕಟಿಸಿದರು. ಐದನೆಯ ತರಗತಿಯ ಮಕ್ಕಳಿಗೆ ಮೊದಲು ಕೆಲವು ಸಮಸ್ಯೆಗಳನ್ನು ಬಿಡಿಸಲು ಕೊಟ್ಟರು. ಎಲ್ಲರಿಗೂ ಚೆನ್ನಾಗಿ ಮಾಡಿದಿರೆಂದೇ ಹೇಳಿದರು. ಆದರೆ ಕೆಲವರನ್ನು ಜಾಣರೆಂದು ಹೊಗಳಿದರು, ಕೆಲವರನ್ನು ಶ್ರಮಪಟ್ಟಿದ್ದಕ್ಕಾಗಿ ಹೊಗಳಿದರು.

ಮುಂದೆ ಯಾವ ಬಗೆಯ ಕೆಲಸ ಬೇಕೆಂದು ಕೇಳಿದಾಗ, ಜಾಣರೆನಿಸಿಕೊಂಡವರಲ್ಲಿ ಮೂರರಲ್ಲಿ ಇಬ್ಬರಷ್ಟು ಮಂದಿ ತಮ್ಮ ಜಾಣತನಕ್ಕೆ ಕುಂದು ಬಾರದಂಥ ಕೆಲಸವನ್ನು ಆರಿಸಿಕೊಂಡರು. ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ, ತಪ್ಪಾದರೂ ಸರಿ, ಹೊಸತನ್ನು ಕಲಿಸುವುದನ್ನು ಬಯಸಿದರು. ಬಳಿಕ ಬಲು ಕಠಿಣ ಸಮಸ್ಯೆಗಳನ್ನು ಕೊಟ್ಟು ಎಲ್ಲರೂ ಸೋಲುವಂತೆ ಮಾಡಿ, ಕೊನೆಗೆ ಮೊದಲಿನಷ್ಟೇ ಸುಲಭದವನ್ನು ಕೊಟ್ಟರು. ಜಾಣರೆನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು. ಶ್ರಮದ ಮೆಚ್ಚುಗೆ ಪಡೆದವರು ಮೇಲೇರಿದರು. ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಲು ಹೇಳಿದಾಗ, ಜಾಣರ ಗುಂಪಿನಲ್ಲಿ ಹತ್ತರಲ್ಲಿ ನಾಲ್ವರಷ್ಟು ಮಂದಿ ಅದನ್ನು ಹೆಚ್ಚಿಸಿ ಬರೆದರು.

ಆ ಮಕ್ಕಳು ಕೆಟ್ಟವರಲ್ಲ. ಜಾಣತನವನ್ನೇ ತನ್ನ ಬೆಲೆಯೆಂದು ನಂಬಿದ ಮಗುವಿಗೆ ಒಂದು ಸೋಲೂ ದುಬಾರಿಯಾಗುತ್ತದೆ. ಉತ್ತರಪತ್ರಿಕೆಯನ್ನು ಚೀಲದ ಅಡಿಯಲ್ಲಿ ಬಚ್ಚಿಡುವ ಮಗುವಿನ ಭಯವೂ ಇದೇ.

ಮದ್ದು ಬಿಡುವ ಹದ

ಹಾಗೆಂದು ಶ್ರಮವೆಂದರೆ ಪುಸ್ತಕದ ಮುಂದೆ ಕಳೆದ ಗಂಟೆಗಳ ಲೆಕ್ಕವಲ್ಲ. ಮಗು ಏನನ್ನೂ ಕಲಿಯದಿದ್ದಾಗಲೂ ಚೆನ್ನಾಗಿ ಶ್ರಮಪಟ್ಟೆಯೆಂದು ಸಮಾಧಾನ ಹೇಳಿ ಸುಮ್ಮನಾಗುವುದು ಸಲ್ಲದೆಂದು ಡ್ವೆಕ್ ಅವರೇ ಮುಂದೆ ಎಚ್ಚರಿಸಿದ್ದಾರೆ. ಇದು ಅಡಿಕೆ ತೋಟದವರಿಗೆ ಬೇಗ ಅರ್ಥವಾಗುವ ಸಂಗತಿ. ಮಳೆ ಎಷ್ಟು ಬರುವುದೋ, ಅಡಿಕೆಗೆ ಧಾರಣೆ ಏನಾಗುವುದೋ ಕೃಷಿಕರ ಕೈಯಲ್ಲಿಲ್ಲ. ಮುಂಗಾರಿಗೆ ಮುನ್ನ ಮದ್ದು ಬಿಡುವುದು, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಬಿಡುವುದು ಅವರ ಕೈಯಲ್ಲಿದೆ. ಆದರೆ ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣವೆಂಬ ಹದ ತಪ್ಪಿದರೆ ದಿನವಿಡೀ ಮರವೇರಿದ ದುಡಿಮೆಯೂ ಕೊಳೆರೋಗವನ್ನು ತಡೆಯದು.

ಓದಿಗೂ ಇಂಥ ಹದವಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ, ನೆನಪಿನಿಂದ ಬರೆದವರು ಮುಂದಾದರು. ತಕ್ಷಣದ ಫಲವನ್ನು ನೋಡಿ ಓದಿನ ಬೆಲೆ ಕಟ್ಟಿದರೆ ಹೇಗೆ ಮೋಸ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಬೇಕಿಲ್ಲ.

ಗ್ರೇಡು ಬೇಡವೇ ಎಂದರೆ, ಬೇಕು. ಪ್ಲಸ್ ವನ್ ಪ್ರವೇಶಕ್ಕೆ ಗ್ರೇಡನ್ನೇ ನೋಡುತ್ತಾರೆ. ಬೇಕಾದ ವಿಷಯ, ಹತ್ತಿರದ ಶಾಲೆ ಸಿಗುವುದೂ ಬಿಡುವುದೂ ಅದರ ಮೇಲೆಯೇ ನಿಂತಿದೆ. ಮಕ್ಕಳಿಗೆ ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಗ್ರೇಡು ಮಗು ನೇರವಾಗಿ ಮಾಡಬಲ್ಲ ಕೆಲಸವಲ್ಲ. ಮಗು ಮಾಡಬಲ್ಲದ್ದು ಈ ಸಂಜೆ ನಾಲ್ಕು ಲೆಕ್ಕ ಬಿಡಿಸುವುದನ್ನು, ಪಾಠ ಓದಿ ಪುಸ್ತಕ ಮುಚ್ಚಿ ಹತ್ತು ವಾಕ್ಯ ಬರೆಯುವುದನ್ನು, ತಪ್ಪಿದಲ್ಲಿ ಟೀಚರನ್ನು ಕೇಳುವುದನ್ನು. ಆಯಾ ದಿನ ಮುಗಿಸಿದೆನೆಂದು ಹೇಳಿಕೊಳ್ಳಬಹುದಾದ ಕೆಲಸಗಳಿವು.

ಮನೆಯಲ್ಲಿ ಬದಲಾಗಬೇಕಾದುದು ಒಂದು ಪ್ರಶ್ನೆ ಮಾತ್ರ. ಉತ್ತರಪತ್ರಿಕೆ ಕೈಗೆ ಬಂದೊಡನೆ ‘ಎಷ್ಟು ಬಂತು? ಪಕ್ಕದ ಮನೆಯವನಿಗೆ ಎಷ್ಟು?’ ಎಂದು ಕೇಳುವ ಬದಲು ‘ಎಲ್ಲಿ ತಪ್ಪಿತು ಮಗಾ? ಈಗ ಅದು ಗೊತ್ತಾಯಿತೇ?’ ಎಂದು ಕೇಳಬಹುದು. ಕನ್ನಡ ಓದಲು ಬಾರದ ತಾಯಿಯೂ ಕೇಳಬಹುದಾದ ಪ್ರಶ್ನೆಯಿದು. ಮಗು ತುಳುವಿನಲ್ಲಿಯೋ ಮಲಯಾಳದಲ್ಲಿಯೋ ವಿವರಿಸಲಿ. ವಿವರಿಸುವಷ್ಟರಲ್ಲಿ ಪಾಠ ಇನ್ನೊಮ್ಮೆ ಮನಸ್ಸಿನಲ್ಲಿ ಹಾದುಹೋಗಿರುತ್ತದೆ.

ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮೇ ತಿಂಗಳ ಫ್ಲೆಕ್ಸುಗಳು ಮಳೆಗೆ ನೆನೆದು ಮಾಸಿರುತ್ತವೆ. ಒಂಬತ್ತು ಮುಗಿಸಿದ ಮಕ್ಕಳು ಹತ್ತರ ಹೊಸ ಪುಸ್ತಕಗಳಿಗೆ ಬೈಂಡು ಹಾಕಿಕೊಂಡಿರುತ್ತಾರೆ. ಮುಂದಿನ ಮೇ ತಿಂಗಳಲ್ಲಿ ಏನು ಬರುವುದೆಂದು ಆ ದಿನ ಯಾರೂ ಹೇಳಲಾರರು. ಮೊದಲ ಪಾಠದ ಮೊದಲ ಅಭ್ಯಾಸವನ್ನು ಆ ಸಂಜೆಯೇ ಮಾಡಿ ಮುಗಿಸಬಹುದು.